ಪದ ಬೇಕು, ತುರ್ತು: ಕೈಬಲ ಅಳೆಯೋ ಎರಡು ಮೀಟರ್‌ಗೆ ಕನ್ನಡದಲ್ಲಿ ಏನನ್ನೋಣ?

ಎಲ್ರಿಗೂ ನಮಸ್ಕಾರ. ಒಂದು ಆಸ್ಪತ್ರೆಯ ಶ್ವಾಸಕೋಶ ವಿಭಾಗಕ್ಕೆ ಬೋರ್ಡು, ರೋಗಿಗಳಿಗೆ ಕೊಡೋ ಚೀಟಿ ಎಲ್ಲ ಕನ್ನಡಕ್ಕೆ ಮಾಡ್ಕೊಡ್ತಿದೀನಿ, ನಾಳೆ ಮಧ್ಯಾಹ್ನ ಬೋರ್ಡ್ ಪ್ರಿಂಟಿಗೆ ಹೋಗ್ಬೇಕು ಅದಕ್ಕೇ ಈ ಅವಸರ. ಸಿಒಪಿಡಿ ಇರೋರಿಗೆ (ಉಸಿರಿನ ದಾರಿ ಕಿರಿದಾಗೋ ಕಾಯಿಲೆ, ಬೀಡಿ ಸೇದಿ ಬಂದಿರೋದು, ಇಲ್ಲಾ ವರ್ಷಗಟ್ಲೆ ಸೌದೆ ಒಲೆ ಹೊಗೆ ಕುಡಿದು ಬಂದಿರೋದು) ಎದೆ ಒಂದೇ ಅಲ್ಲ, ಕೈಕಾಲಿನ ಮಸಲ್ಸೂ ಸೊರಗುತ್ತೆ, ಅದಕ್ಕೆ ಕೈಬಲ ಎಷ್ಟಿದೆ ಅಂತ ಅಳೀತಾರೆ.

ಉಪಕರಣ ಎರಡು. ಒಂದು ಹ್ಯಾಂಡ್‌ಗ್ರಿಪ್ ಡೈನಮೋಮೀಟರ್, ಅದನ್ನ ರೋಗಿ ಹಿಡ್ಕೊಂಡು ಅದುಮ್ಬೇಕು. ಇನ್ನೊಂದು ಹ್ಯಾಂಡ್‌ಹೆಲ್ಡ್ ಡೈನಮೋಮೀಟರ್, ಅದನ್ನ ಹಿಡ್ಕೊಳೋದು ಪರೀಕ್ಷೆ ಮಾಡೋರು, ರೋಗಿಯ ಮಣಿಕಟ್ಟಿನ ಹತ್ರ ಒತ್ತಿಟ್ಟು 'ಮೊಣಕೈ ಮಡಚಿ, ಎಳೀರಿ' ಅಂತಾರೆ. ಹಿಂದೆ ಅನುವಾದ ಮಾಡಿದ ಪುಣ್ಯಾತ್ಮರು ಎರಡಕ್ಕೂ 'ಕೈಹಿಡಿ ಶಕ್ತಿಮಾಪಕ' ಅಂತ ಬರ್ದು ಹೋಗಿದಾರೆ, ಈಗ ಸಿಸ್ಟರ್‌ಗಳು ಒಂದು ಕೇಳಿದ್ರೆ ಇನ್ನೊಂದು ತಂದ್ಕೊಡ್ತಾರೆ.

ನಂಗೆ ಬೇಕಾಗಿರೋದು ಇಷ್ಟು. ಬಾಗಿಲ ಮೇಲಿನ ಬೋರ್ಡಿಗೆ 'ಆರ್ಮ್ ಮಸಲ್ ಸ್ಟ್ರೆಂತ್ ಟೆಸ್ಟಿಂಗ್'. ಎರಡು ಉಪಕರಣಕ್ಕೆ ಎರಡು ಹೆಸರು. ಆಮೇಲೆ ರೋಗಿಗೆ ಹೇಳೋ ಮಾತು, ಒತ್ತಿ ಅನ್ನೋದಾ ಹಿಂಡಿ ಅನ್ನೋದಾ ಹಿಸುಕಿ ಅನ್ನೋದಾ?

-----

ಮೊದಲು ಸ್ನಾಯು ಬಿಡಿ, ನೀವು ಬರೆದಿಲ್ಲ ಆದರೆ ಬರೆಯುತ್ತೀರಿ ಅಂತ ಗೊತ್ತು. ಸಂಸ್ಕೃತದಲ್ಲಿ ಸ್ನಾಯು ಅಂದರೆ ಮೂಳೆ ಸಂದುಗಳನ್ನ ಬಿಗಿದು ಕಟ್ಟುವ ನಾರು. ಮಸಲ್‌ಗೆ ಪೇಶಿ. ಬಂಗಾಳಿಯವರು ಸ್ನಾಯು ಅಂದರೆ ನರ ಅಂತಾರೆ, ಮರಾಠಿಯವರು ಮಸಲ್ ಅಂತಾರೆ, ಈ ಗೊಂದಲದಲ್ಲಿ ನಾವು ಮರಾಠಿಯವರ ಜೊತೆ ಹೋಗಿ ನಿಂತಿದ್ದೇವೆ. ಬೋರ್ಡಿಗೆ 'ಬಾಹುಪೇಶೀ ಬಲಪರೀಕ್ಷೆ'. ಉಪಕರಣ 'ಹಸ್ತಗ್ರಹಣ ಬಲಮಾಪಕ'. ಇನ್ನೊಂದು 'ಹಸ್ತಧೃತ ಬಲಮಾಪಕ'. ಚರ್ಚೆಗೆ ಏನೂ ಉಳಿದಿಲ್ಲ.

-----

> ಹಸ್ತಗ್ರಹಣ

ಮೇಷ್ಟ್ರೇ, ಅದು ಛತ್ರದ ಬಾಗಿಲಿಗೆ ಹಾಕೋ ಬೋರ್ಡು. ಪಾಣಿಗ್ರಹಣಕ್ಕೂ ಇದಕ್ಕೂ ಏನು ವ್ಯತ್ಯಾಸ? ಹಸ್ತಧೃತ ಅಂತ ಓದೋಕೇ ಉಬ್ಬಸ ಬರುತ್ತೆ, ಮೊದಲೇ ಉಸಿರಿಲ್ಲದ ಜನ ಬರೋ ಜಾಗ ಅದು.

-----

ಸಂಸ್ಕ್ರುತ ಇಲ್ಲದೆ ಬೋರ್‍ಡ್ ಬರೆಯಲು ಬರುವುದಿಲ್ಲ ಎಂಬುದು ಒಂದು ಬೇನೆ. ಕನ್ನಡದಲ್ಲಿ ರಟ್ಟೆ ಇದೆ, ಕಸುವು ಇದೆ, ಅಳತೆ ಇದೆ. 'ರಟ್ಟೆಕಸುವಿನ ಅಳತೆ', ಮುಗಿಯಿತು. ಮಸಲ್‌ಗೆ ಕಂಡ. ತೆಲುಗಿನವರು ಕಂಡ ಎಂದು ಈಗಲೂ ಹೇಳುತ್ತಾರೆ, ನಾವು ಅದನ್ನೇ ಖಂಡ ಎಂದು ಬರೆದು 'ಮಾಂಸಖಂಡ' ಮಾಡಿಕೊಂಡು ಕುಳಿತೆವು. ಉಪಕರಣ 'ಹಿಡಿಕಸುವಳಕ'. ಹಿಡಿ ಎನ್ನುವುದು ಹಳಗನ್ನಡದ ಪಿಡಿ, ಕೈಪಿಡಿ ಎನ್ನುವಾಗ ಅದೇ ಪಿಡಿ ಉಳಿದಿದೆ. ಪುಸ್ತಕ ಹಿಡಿಯಲು ಆಗುವ ಪದ ಮೀಟರ್ ಹಿಡಿಯಲು ಏಕೆ ಆಗದು?

ಇನ್ನೊಂದು ಮಾತು, 'ಶಕ್ತಿಮಾಪಕ' ಅರ್‍ತದಲ್ಲೇ ತಪ್ಪು. ಸ್ಕೂಲಿನ ಪಿಸಿಕ್ಸಿನಲ್ಲಿ ಶಕ್ತಿ ಎಂದರೆ ಎನರ್‍ಜಿ, ಪೋರ್ಸಿಗೆ ಬಲ. ಈ ಉಪಕರಣ ಅಳೆಯುವುದು ಬಲವನ್ನು.

-----

> ಕಂಡ

ಕಂಡ ಅಚ್ಚಗನ್ನಡ ಎಂದು ಯಾರು ಹೇಳಿದ್ದು? ಖಂಡದ ತದ್ಭವ. ಅಳಕ ಅಂದರೆ ಮುಂಗುರುಳು. ಹಿಡಿಕಸುವಳಕ ಎಂಬುದು ಪದವಲ್ಲ, ಕೆಮ್ಮು.

-----

ನಾ ಹುಬ್ಬಳ್ಳಿ ಕಡೆ ಫಿಜಿಯೋ ಅದೀನ್ರಿ, ದಿನಾ ಈ ಮೀಟರ್ ಹಿಡ್ಕೊಂಡ ಕುಂಡ್ರಾಂವ, ಅದಕ್ಕ ಎರಡ ಮಾತು. ಬಾಗಲಾ ಮ್ಯಾಲೆ ಏನರ ಬರೀರಿ, ಅದನ್ನ ಓದಿ ಯಾರೂ ಒಳಗ ಬರಂಗಿಲ್ಲ, ಸಿಸ್ಟರ್ ಕರಕೊಂಡ ಬರ್ತಾರ. ಖರೇ ಕೆಲಸ ಇರೂದು ಮೇಡಂ ಕಡೀಗೆ ಕೇಳ್ಯಾರಲ್ಲ ಆ ಮಾತಿನ್ಯಾಗ. ಪೇಶಂಟ್‌ನ ಕುರ್ಚಿ ಮ್ಯಾಲೆ ಕುಂದರಸ್ತೀವಿ, ತೋಳು ಪಕ್ಕಡಿಗೆ ಹತ್ತಿರಬೇಕು, ಮೊಣಕೈ 90 ಡಿಗ್ರಿ ಮಡಚಿರಬೇಕು, ಮಣಿಕಟ್ಟು ತಿರುಚಬಾರದು. ನಮ್ಮ ಮೀಟರಿಗೆ ಹಿಡಿಕಿ ಕೂಡ್ಸಾಕ ಐದು ಮನಿ ಅದಾವ, ಎಲ್ಲಾರಿಗೂ ಎರಡನೇ ಮನಿಗೇ ಹಾಕೂದು. ಮೂರು ಸಲ ಮಾಡಸ್ತೀವಿ, ನಡುವ ಉಸಿರು ತಾಳಕ್ಕ ಬರೂ ತನಕ ಕಾಯ್ತೀವಿ.

ಈಗ ಮಾತಿಗೆ ಬರೂಣು. 'ಒತ್ರಿ' ಅಂದ್ರ ಹೆಬ್ಬಟ್ಟಿಲೆ ಒತ್ತತಾರ, ರೇಷನ್ ಅಂಗಡ್ಯಾಗ ಮಾಡಿದಂಗ. 'ಹಿಂಡ್ರಿ' ಅಂದ್ರ ಅರವಿ ಹಿಂಡಿದಂಗ ಕೈ ತಿರುವ್ತಾರ, ಇಲ್ಲಾ ಅಂದ್ರ ಎಮ್ಮಿ ಹಿಂಡಿದಂಗ ಮಾಡ್ತಾರ. ಒಬ್ಬಾಕಿ ಅಮ್ಮ ಹಿಡಿಕಿ ಹಿಡದು ಹಿಂಡೂದು ಬಿಡೂದು, ಹಿಂಡೂದು ಬಿಡೂದು, ಚಂದಗೆ ತಾಳ ಹಾಕಿದಂಗ, ಮುಳ್ಳು 8 ಕೆಜಿ ದಾಟಲೇ ಇಲ್ಲ. 'ಅಮ್ಮಾ, ಕೊಡಪಾನ ಜಾರಿ ಬೀಳಾಕತ್ತೈತಿ, ಗಟ್ಟ್ಯಾಗಿ ಹಿಡೀರಿ' ಅಂದ ಮ್ಯಾಲೆ 15ಕ್ಕ ಹೋತು. ಏಷ್ಯಾದ ಮಂದಿಗೆ 2019ರಾಗ ಮಾಡಿದ ಲೆಕ್ಕದ ಪ್ರಕಾರ ಹೆಣಮಕ್ಕಳಿಗೆ 18ರ ಕೆಳಗ, ಗಂಡಸ್ರಿಗೆ 28ರ ಕೆಳಗ ಬಂದ್ರ ಬಲ ಕಮ್ಮಿ ಅಂತ ಹಿಡೀತೀವಿ. 15 ಕಮ್ಮೀನ, ಆದ್ರ 8ಕ್ಕೂ 15ಕ್ಕೂ ಫರಕ್ ಐತಿಲ್ಲೋ? ಹಂಗಂತ 'ಬಿಗಿಹಿಡೀರಿ' ಅಂತ ಬರೀಬ್ಯಾಡ್ರಿ ಮತ್ತ. ನಮ್ಮ ಮಂದಿಗೆ ಬಿಗಿಹಿಡಿಯೂದು ಅಂದ್ರ ಉಸಿರು. ಕೈ ಜೋಡಿ ಉಸಿರೂ ಬಿಗಿಹಿಡದು ಮುಖ ಕೆಂಪ ಮಾಡ್ಕೊಂಡು ಕುಂಡ್ರತಾರ, ಸಿಒಪಿಡಿ ಇದ್ದಾಂವ್ಗ ಅದು ಛಲೋ ಅಲ್ಲ. ನಾ ಹೇಳೂದು 'ಮುಷ್ಟಿ ಬಿಗೀರಿ, ಉಸಿರು ಬಿಡ್ರಿ, ಇನ್ನೂ ಇನ್ನೂ ಇನ್ನೂ, ಸಾಕು'.

ರಟ್ಟೆ ಅಂದೋರಿಗೆ ಒಂದು ಮಾತು. ಮುಷ್ಟಿ ಬಿಗಿಯೂದು ಮುಂಗೈ, ರಟ್ಟಿ ಅಲ್ಲ. ರಟ್ಟಿ ನೋಡಬೇಕಂದ್ರ ಆ ಇನ್ನೊಂದು ಮೀಟರ್ ಬೇಕು. ಮೊದಲ ಕೈಲೇ ಒತ್ತಿ ನೋಡಿ 0 ರಿಂದ 5ರ ತನಕ ನಂಬರ್ ಕೊಡ್ತಿದ್ರು, ಈಗೂ ಕೊಡ್ತಾರ, ಆದ್ರ ಸ್ವಲ್ಪ ಕಮ್ಮಿ ಆಗಿದ್ದು ಅದ್ರಾಗ ಸಿಗಂಗಿಲ್ಲ, ಎಲ್ಲಾರೂ 5 ಅಥವಾ 4 ಬರ್ತಾರ. ಮತ್ತ ದಮ್ಮಿನ ಮಂದಿಗೆ ಮೊದಲ ಸೊರಗೂದು ತೊಡಿ, ಕೈಬಲ ಅಷ್ಟು ಲಗೂನ ಹೋಗಂಗಿಲ್ಲ. ಆದ್ರೂ ಕೈ ಯಾಕ ನೋಡ್ತೀವಿ ಅಂದ್ರ ತಲಿ ಬಾಚೂದು, ಅರವಿ ಒಣಹಾಕೂದು, ಕೈ ಮ್ಯಾಲೆತ್ತಿದ್ರ ಸಾಕು ಅವರಿಗೆ ದಮ್ಮು ಹತ್ತತೈತಿ, ಹೆಗಲಿನ ಮಸಲ್ಸ ಉಸಿರಾಟಕ್ಕೂ ದುಡೀತಿರ್ತಾವ, ಎರಡೂ ಕಡೆ ಕೆಲಸಾ ಮಾಡು ಅಂದ್ರ ಆಗಂಗಿಲ್ಲ.

-----

> ದಮ್ಮು

ಫಾರ್ಸಿ. ರೋಗಿ ಅನ್ನಲಿ, ಬರಹದಲ್ಲಿ ಬೇಡ.

-----

ಮೇಷ್ಟ್ರೇ, 'ದಮ್ಮಿದ್ರೆ ಬಾರೋ' ಅಂತ ಕೂಗಾಡುವಾಗ ಕರ್ನಾಟಕದಲ್ಲಿ ಯಾರಿಗೂ ಪರ್ಷಿಯಾ ನೆನಪಾಗಲ್ಲ. ಯಾವ ಊರಿಂದ ಬಂತು ಅನ್ನೋದಕ್ಕಿಂತ ಇಲ್ಲಿ ಬಂದು ಏನು ಕೆಲಸ ಮಾಡ್ತಿದೆ ನೋಡಿ. ನಿಮ್ಮ ಸಂಸ್ಕೃತದ್ದೇ ತಗೊಳ್ಳಿ, ತ್ರಾಣ ಅಂದ್ರೆ ಅಲ್ಲಿ ಕಾಪಾಡೋದು, ಆ ಅರ್ಥ ನಮ್ಮಲ್ಲಿ ಉಳ್ಕೊಂಡಿರೋದು ಶಿರಸ್ತ್ರಾಣದಂಥ ಕೆಲವು ಪದಗಳಲ್ಲಿ. 'ಮೈಯಲ್ಲಿ ತ್ರಾಣ ಇಲ್ಲ', 'ನಿತ್ರಾಣ ಆಗಿದೀನಿ' ಅಂತ ಹೇಳೋ ಮುದುಕನ್ನ ತಪ್ಪು ಅಂತ ತಿದ್ದುತೀರಾ? ಸ್ನಾಯೂನೂ ಅಷ್ಟೇ, ನಮ್ಮ ಪಠ್ಯಪುಸ್ತಕದಲ್ಲಿ ತಲೆಮಾರುಗಳಿಂದ ಮಸಲ್ ಅಂತ ಇದೆ, ಈಗ ಅದು ಮಸಲ್ಲೇ.

ತ್ರಾಣ ಇಲ್ಲಿ ಕೆಲಸಕ್ಕೂ ಬರುತ್ತೆ ನೋಡಿ. ಒಂದೇ ಸಲ ಎಷ್ಟು ಜೋರು ಅಂತ ನೋಡಿದ್ರೆ ಬಲ, ಕೈ ಎತ್ತಿ ಎಷ್ಟು ಹೊತ್ತು ಕೆಲಸ ಮಾಡಬಲ್ಲರು ಅಂತ ನೋಡಿದ್ರೆ ತ್ರಾಣ. ಸ್ಟ್ರೆಂತ್ ಬೇರೆ, ಎಂಡ್ಯೂರನ್ಸ್ ಬೇರೆ, ಎರಡಕ್ಕೂ 'ಸಾಮರ್ಥ್ಯ' ಅಂತ ಬರ್ದು ಕೈ ತೊಳ್ಕೊಳೋರನ್ನ ನೋಡಿದೀನಿ. ಹಾಗೇ ಮೇಡಂ, ಚೀಟೀಲಿ ಕಾಯಿಲೆ ಹೆಸರು 'ದೀರ್ಘಕಾಲದ ಪ್ರತಿರೋಧಕ ಶ್ವಾಸಕೋಶ ಕಾಯಿಲೆ' ಅಂತ ಇದ್ರೆ ದಯವಿಟ್ಟು ಕಿತ್ತಾಕಿ. ಪ್ರತಿರೋಧಕ ಅಂದ್ರೆ ಎದುರಿಸಿ ನಿಲ್ಲೋದು, ಓದಿದೋರು ನಮ್ಮ ಶ್ವಾಸಕೋಶ ಗಟ್ಟಿಮುಟ್ಟಾಗಿದೆ ಅನ್ಕೋತಾರೆ. ಸಿಒಪಿಡಿ ಅಂತಲೇ ಬರೆದು ಕೆಳಗೆ 'ಉಸಿರಿನ ದಾರಿ ಕಿರಿದಾಗುವ ಕಾಯಿಲೆ' ಅನ್ನಿ, ಸಾಕು.

-----

ಇದೇ ದಾರಿ ಹಿಡಿದರೆ ನಾಳೆ ಮೀಟರ್ ಕನ್ನಡ, ಟೆಸ್ಟಿಂಗ್ ಕನ್ನಡ, ಆಸ್ಪತ್ರೆಯೇ ಹಾಸ್ಪಿಟಲ್. ಉಸಿರುಬೇನೆ ಎಂದರೆ ನಿಮಗೆ ಏನು ತೊಂದರೆ?

-----

ಆಸ್ಪತ್ರೆನೇ ಹಾಸ್ಪಿಟಲ್ಲಿಂದ ಬಂದಿದ್ದು ಸ್ವಾಮಿ.

-----

ಎಲ್ರಿಗೂ ಥ್ಯಾಂಕ್ಸ್, ಹುಬ್ಬಳ್ಳಿ ಸರ್‌ಗೆ ಇನ್ನೊಂದು ಸಲ. ರಾತ್ರಿ ಕೂತು ಹೀಗೆ ಮಾಡಿದೀನಿ: ಬೋರ್ಡಿಗೆ 'ತೋಳು ಮತ್ತು ಹಿಡಿತದ ಬಲ ಪರೀಕ್ಷೆ'. ಮಸಲ್ ಅನ್ನೋ ಪದಾನೇ ಇಲ್ಲ, ಸ್ನಾಯು ಪೇಶಿ ಕಂಡ ಮೂರಕ್ಕೂ ರಜ, ಮಾಂಸಖಂಡ ಅಂತ ಬರೆದ್ರೆ ಮಟನ್ ಅಂಗಡಿ ಥರ ಆಗುತ್ತೆ ಅಂತ ಡಾಕ್ಟ್ರೇ ನಕ್ಕರು. ರೋಗಿ ಅದುಮೋದು 'ಹಿಡಿತಮಾಪಕ'. ಇನ್ನೊಂದಕ್ಕೆ 'ಒತ್ತುಮಾಪಕ' ಅಂತ ಇಟ್ಟಿದ್ದೆ, ಸಿಸ್ಟರ್ ಒಬ್ರು ಓದಿದ ತಕ್ಷಣ ಬಿಪಿ ಮೆಷಿನ್ ತಂದ್ಕೊಟ್ರು, ಹಾಗಾಗಿ 'ತೋಳ್ಬಲಮಾಪಕ'. ಚೀಟೀಲಿ 'ಮುಷ್ಟಿ ಬಿಗಿಯಿರಿ, ಉಸಿರು ಬಿಡುತ್ತಿರಿ' ಅಂತ ಹಾಕಿದೀನಿ, ಪಕ್ಕದಲ್ಲಿ ಕೈಯ ಚಿತ್ರ.

-----

ಹಿಡಿತ ಕನ್ನಡ, ಮಾಪಕ ಸಂಸ್ಕೃತ. ಅರಿಸಮಾಸ. ತೋಳ್ಬಲದಲ್ಲೂ ಅದೇ ದೋಷ.

-----

ಮಳೆಮಾಪಕಕ್ಕೆ ಏನಂತೀರಿ ಮೇಷ್ಟ್ರೇ? ಶಾಲೆ ಮಕ್ಕಳೆಲ್ಲ ಓದಿರೋದು. ಬಿರುದಾವಳಿಗೆ ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜನೇ ರಿಯಾಯಿತಿ ಕೊಟ್ಟಿದಾನೆ, ಒಂದು ಮೀಟರಿಗೆ ನೀವು ಕೊಡಲ್ವಾ?

-----

ಕೊಡುವುದಿಲ್ಲ. ಮಳೆಮಾಪಕವೂ ತಪ್ಪೇ, ವೃಷ್ಟಿಮಾಪಕ ಆಗಬೇಕಿತ್ತು.