ಟ್ರ್ಯಾಪ್‌ನಲ್ಲಿ ಕೋವಿ ಕೆಳಗಿಟ್ಟು ಶುರು ಮಾಡಬಹುದಾ?

ಪ್ರಶ್ನೆ:
ಎರಡು ವರ್ಷದಿಂದ ಟ್ರ್ಯಾಪ್ (ಹಾರಿಬಿಡುವ ಮಣ್ಣಿನ ತಟ್ಟೆಗಳನ್ನು ಕೋವಿಯಿಂದ ಒಡೆಯುವ ಆಟ) ಆಡುತ್ತಿದ್ದೇನೆ. ಎಲ್ಲರ ಹಾಗೆ ಕೋವಿಯನ್ನು ಮೊದಲೇ ಭುಜಕ್ಕೆ ಕೊಟ್ಟು ಆಮೇಲೆ ತಟ್ಟೆ ಬಿಡಲು ಕೂಗುತ್ತೇನೆ. ಹೋದ ಭಾನುವಾರ ಸ್ಕೀಟ್‌ (ತಟ್ಟೆ ಒಡೆಯುವ ಇನ್ನೊಂದು ಆಟ) ಆಡುವವರಂತೆ ಬಟ್ (ಕೋವಿಯ ಹಿಂತುದಿ) ಸೊಂಟದ ಹತ್ತಿರ ಇಟ್ಟುಕೊಂಡು ಶುರು ಮಾಡಿದೆ. 25ರಲ್ಲಿ 14 ಮಾತ್ರ ಒಡೆದವು, ಮಾಮೂಲಿ 19. ಆದರೆ ನಳಿಗೆ ಅಡ್ಡ ಬಾರದೆ ತಟ್ಟೆ ಎದ್ದದ್ದು ತುಂಬಾ ಚೆನ್ನಾಗಿ ಕಂಡಿತು. ಮುಂದುವರಿಸಲಾ?

ಉತ್ತರ 1:
ಪಂದ್ಯಕ್ಕೆ ಬೇಡ. ಒಲಿಂಪಿಕ್ ಸ್ಕೀಟ್‌ನಲ್ಲಿ ತಟ್ಟೆಯ ದಾರಿ ಮೊದಲೇ ಗೊತ್ತು, ಕೂಗಿದ ಮೇಲೆ 3 ಸೆಕೆಂಡ್‌ವರೆಗೆ ತಡವಾಗಿ ಬರಬಹುದು ಅಷ್ಟೆ, ಅಲ್ಲಿ ಕೋವಿ ಕೆಳಗಿಡುವುದು ನಿಯಮವೇ. ಒಲಿಂಪಿಕ್ ಟ್ರ್ಯಾಪ್‌ನಲ್ಲಿ ತಟ್ಟೆ 15 ಮೀಟರ್ ಮುಂದೆ ಎದ್ದು ದೂರ ಓಡುತ್ತದೆ, ಎಡಕ್ಕೋ ಬಲಕ್ಕೋ ಗೊತ್ತಿರಲ್ಲ, ನೀವು ಕೋವಿ ಎತ್ತುವಷ್ಟರಲ್ಲಿ ಅದು ಕೈಮೀರಿ ಹೋಗಿರುತ್ತೆ.

ಉತ್ತರ 2:
ಅಭ್ಯಾಸಕ್ಕೆ ಖಂಡಿತ ಮಾಡಿ, ನನಗೆ ತುಂಬಾ ಸಹಾಯ ಆಯ್ತು. ಕೋವಿ ಎತ್ತಿದಾಗ ಕೆನ್ನೆ ಪ್ರತಿಸಲ ಅದರ ಮೇಲೆ ಅದೇ ಜಾಗಕ್ಕೆ ಬರುತ್ತಾ ಅನ್ನೋದು ಇದರಲ್ಲೇ ಗೊತ್ತಾಗೋದು. ಖಾಲಿ ಕೋವಿ ಅಂತ ಎರಡು ಸಲ ನೋಡಿಕೊಂಡು, ಮನೆಯಲ್ಲಿ ಗೋಡೆಯ ಮೂಲೆಗೆ ಕಣ್ಣಿಟ್ಟು ದಿನಾ ಎತ್ತಿ. ರೇಂಜ್‌ನಲ್ಲಿ ಮಾತ್ರ ಕೋಚ್‌ಗೆ ಮೊದಲೇ ಹೇಳಿ, ಪಕ್ಕದಲ್ಲಿ ಜನ ನಿಂತಿರುತ್ತಾರೆ ಅಲ್ವಾ.

ಪ್ರಶ್ನೆ ಕೇಳಿದವರು:
ಕೆನ್ನೆ ಕೋವಿಗೆ ಸರಿಯಾಗಿ ಕೂರದೆ ಮೇಲೇ ಉಳಿಯೋದೇ ಸಮಸ್ಯೆ ಇರಬೇಕು, ತಪ್ಪಿದ ಗುಂಡೆಲ್ಲ ತಟ್ಟೆಯ ಮೇಲಿಂದ ಹೋಗಿತ್ತು. ಇವತ್ತಿಂದಲೇ ಶುರು ಮಾಡ್ತೀನಿ.