ಆಕ್ಷೇಪಣೆ ಬರೆದವರಿಗೂ ಒಂದು ಸನ್ಮಾನ

“ಸತ್ತು ಸಾವಿರದ ಐನೂರು ವರ್ಷ ದಾಟಿದರೂ ಚೀನಾದವರು ಆ ಮಹಾನುಭಾವರನ್ನು ಬಿಟ್ಟಿಲ್ಲ, ಕ್ವಾಂಟಮ್ ಕಂಪ್ಯೂಟರಿಗೂ ಅವರದೇ ಹೆಸರು!” ಎಂದರು ಮೇಷ್ಟ್ರು.

“ಯಾರದು?” ಎಂದರು ಜೋಯಿಸರು.

“ತ್ಸು ಚೋಂಗ್‌ಜಿ. ಹುಟ್ಟಿದ್ದು 429ರಲ್ಲಿ. ಪೈ ಬೆಲೆ 3.1415926ಕ್ಕೂ 3.1415927ಕ್ಕೂ ನಡುವೆ ಇದೆ ಎಂದು ಲೆಕ್ಕ ಹಾಕಿದವರು.”

“ನಾವು 22/7 ಎಂದು ಬರೆದೇ ಪಾಸಾದೆವಲ್ಲ?” ಎಂದರು ನಿವೃತ್ತ ಗುಮಾಸ್ತರು.

“ಅದು ಸ್ಥೂಲ ಬೆಲೆ ಎಂದರು ಅವರು. ಸೂಕ್ಷ್ಮ ಬೆಲೆ 355/113.”

ಸ್ಥೂಲ ಎಂದ ಕೂಡಲೇ ನಮ್ಮೆಲ್ಲರ ದೃಷ್ಟಿ ಗುಮಾಸ್ತರ ಹೊಟ್ಟೆಯ ಮೇಲೆ ಬಿತ್ತು. ಅವರು ಶಾಲು ಎಳೆದುಕೊಂಡು, “ನನ್ನ ಸುತ್ತಳತೆಗೆ ಯಾವುದನ್ನು ಹಾಕಬೇಕು?” ಎಂದರು.

“ನಿಮಗೆ 22/7 ಧಾರಾಳವಾಗಿ ಸಾಕು. ಹತ್ತು ಕಿಲೋಮೀಟರ್ ವ್ಯಾಸದ ವೃತ್ತ ಬರೆಯುವವರು ಯೋಚಿಸಬೇಕು. ಇದರಲ್ಲಿ ಪರಿಧಿ ಹನ್ನೆರಡು ಮೀಟರಿಗೂ ಹೆಚ್ಚು ತಪ್ಪುತ್ತದೆ, ಅವರದರಲ್ಲಿ ಮೂರು ಮಿಲಿಮೀಟರೂ ತಪ್ಪುವುದಿಲ್ಲ.”

ಜೋಯಿಸರಿಗೆ ವೃತ್ತದಲ್ಲಿ ರುಚಿ ಹತ್ತಲಿಲ್ಲ. ಆದರೆ ತ್ಸು ಪಂಚಾಂಗವನ್ನೂ ತಿದ್ದಿದರು, ಹತ್ತೊಂಬತ್ತು ವರ್ಷಕ್ಕೆ ಏಳು ಅಧಿಕಮಾಸ ಎಂಬ ಹಳೆಯ ಲೆಕ್ಕ ಬಿಟ್ಟು 391 ವರ್ಷಕ್ಕೆ 144 ಎಂದರು ಎಂದಾಗ ಬೆನ್ನು ನೆಟ್ಟಗಾಯಿತು. “ಒಪ್ಪಿದರೇ?”

“ಎಲ್ಲಿ! 462ರಲ್ಲಿ ಚಕ್ರವರ್ತಿಗೆ ಸಲ್ಲಿಸಿದರು. ದೈ ಫಾಶಿಂಗ್ ಎಂಬ ಪ್ರಭಾವಿ ಅಧಿಕಾರಿ ಶಾಸ್ತ್ರವಿರೋಧ ಎಂದು ಆಕ್ಷೇಪಿಸಿದ. ತ್ಸು ಗ್ರಹಣಗಳ ಲೆಕ್ಕ ಮುಂದಿಟ್ಟು ಸಾಲುಸಾಲಾಗಿ ಉತ್ತರ ಬರೆದರು. ಅಷ್ಟರಲ್ಲಿ ಚಕ್ರವರ್ತಿಯೇ ತೀರಿಕೊಂಡ. 500ರಲ್ಲಿ ತ್ಸು ಕೂಡ ಹೋದರು. ಮಗ ಬೆನ್ನುಬಿದ್ದು 510ರಲ್ಲಿ ಜಾರಿಗೆ ತರಿಸಿದ.”

“ನಲವತ್ತೆಂಟೇ ವರ್ಷ!” ಗುಮಾಸ್ತರು ಮೆಚ್ಚಿ ತಲೆದೂಗಿದರು. “ಚುರುಕಾದ ಕಚೇರಿ.”

“ಆಮೇಲೆ ಗೌರವಕ್ಕೇನೂ ಕೊರತೆಯಾಗಲಿಲ್ಲ. 1955ರಲ್ಲಿ ಅಂಚೆಚೀಟಿ, ಒಂದು ಕ್ಷುದ್ರಗ್ರಹ, ಚಂದ್ರನ ಮೇಲೆ ಒಂದು ಕುಳಿ…”

“ಇವತ್ತು ಹುಣ್ಣಿಮೆ, ನೋಡೋಣ ನಡೆಯಿರಿ,” ಎಂದು ಜೋಯಿಸರು ಎದ್ದೇ ಬಿಟ್ಟರು.

“ಕುಳಿತುಕೊಳ್ಳಿ, ಅದು ಚಂದ್ರನ ಆಚೆ ಬದಿಯಲ್ಲಿದೆ. ಇಲ್ಲಿಂದ ಕಾಣುವುದಿಲ್ಲ.”

“ಕಾಣದ ಕಡೆ ಹೆಸರಿಟ್ಟರೆ ಅದೆಂಥ ಮರ್ಯಾದೆ? ಅದರ ಬದಲು ಅವರ ಪುಸ್ತಕ ಅಚ್ಚು ಹಾಕಿಸಬಹುದಿತ್ತು.”

“ಪುಸ್ತಕ ಕಳೆದೇ ಹೋಗಿದೆ. ಅಷ್ಟು ಕಠಿಣವಾಗಿತ್ತಂತೆ, ವಿದ್ಯಾಧಿಕಾರಿಗಳಿಗೇ ಅರ್ಥವಾಗದೆ ಮೂಲೆಗಿಟ್ಟರು ಎಂದು ಸುಯಿ ವಂಶದ ಇತಿಹಾಸ ಹೇಳುತ್ತದೆ.”

ನನಗೆ ನಿಜಕ್ಕೂ ಹೊಟ್ಟೆ ಉರಿಯಿತು. ಏಳು ದಶಮಾಂಶದವರೆಗೆ ತಲುಪಿದ ದಾರಿ ಆ ಪುಸ್ತಕದಲ್ಲಿ ಇದ್ದಿರಬಹುದು. ಉಳಿದದ್ದು ಉತ್ತರ ಮಾತ್ರ. ಹಂತ ಬರೆಯದ ಹುಡುಗನಿಗೆ ಮೇಷ್ಟ್ರು ಅರ್ಧ ಅಂಕ ಕಳೆಯುತ್ತಿದ್ದವರು, ಇವರಿಗೆ ಮಾತ್ರ ಪೂರ್ತಿ ಕೊಟ್ಟಿದ್ದಾರೆ.

ಗುಮಾಸ್ತರ ತಲೆಯಲ್ಲಿ ಬೇರೆಯದೇ ಓಡುತ್ತಿತ್ತು. “ಆ ಆಕ್ಷೇಪಣೆಯ ಕಾಗದ ಎಲ್ಲಿದೆ?”

“ಅದು ಉಳಿದಿದೆ. ತ್ಸು ಕೊಟ್ಟ ಉತ್ತರವೂ ಉಳಿದಿದೆ. ಸೋಂಗ್ ವಂಶದ ಇತಿಹಾಸದಲ್ಲಿ ಎರಡನ್ನೂ ದಾಖಲಿಸಿದ್ದಾರೆ.”

“ನೋಡಿದಿರಾ! ತಕರಾರು ಇಲ್ಲದ ಪುಸ್ತಕ ಕಳೆದುಹೋಯಿತು, ತಕರಾರು ಬಂದ ಕಡತ ಉಳಿಯಿತು. ಆ ಅಧಿಕಾರಿಯ ಹೆಸರಿನಲ್ಲೂ ಒಂದು ಕುಳಿ ಇರಬೇಕು ಸ್ವಾಮಿ, ಚಿಕ್ಕದಾದರೂ ಸರಿ.”

ಮೇಷ್ಟ್ರು ಲಿಖಿತವಾಗಿ ಆಕ್ಷೇಪಿಸುವುದಾಗಿ ಹೇಳಿದರು. “ಬರೆಯಿರಿ, ಅದನ್ನೂ ಕಡತಕ್ಕೆ ಸೇರಿಸೋಣ,” ಎಂದು ಗುಮಾಸ್ತರು ಜೇಬಿನಿಂದ ಪೆನ್ನು ತೆಗೆದುಕೊಟ್ಟರು.