ಸಹಾಯ ಬೇಕು: ಸೋಯಾ ಬೇರಲ್ಲಿ ಗಂಟೇ ಕಟ್ಟಿಲ್ಲ

ನಮಸ್ಕಾರ. ನಮ್ಮದು ಧಾರವಾಡ ಕಡೆ ಕಪ್ಪು ನೆಲ. ಈ ಹೊಲದಲ್ಲಿ ಸೋಯಾಬೀನ್ ಇದೇ ಮೊದಲು. ಬಿತ್ತಿ 40 ದಿನ ಆಯ್ತು, ಎಲೆ ಹಳದಿ ತಿರುಗಿದೆ.

ನಿನ್ನೆ ನಾಲ್ಕು ಗಿಡ ಮಣ್ಣು ಸಮೇತ ಅಗೆದು, ಬಕೆಟ್ ನೀರಲ್ಲಿ ಅದ್ದಿ ನೋಡಿದೆ. ಬೇರಿಗೆ ಎರಡೋ ಮೂರೋ ಗಂಟು, ಅಷ್ಟೇ. ಉಗುರಲ್ಲಿ ಸೀಳಿದರೆ ಒಳಗೆ ಬಿಳಿ. ಸಾರಜನಕ ಹಿಡಿಯುವ ಗಂಟು ಒಳಗೆ ಕೆಂಪಗಿರಬೇಕು ಅಲ್ವಾ? ಬದುವಿನ ಅಲಸಂದೆ ಬೇರಲ್ಲಿ ಹಾಗೇ ಇದೆ, ಗೊಂಚಲು ಗೊಂಚಲು.

ಬೀಜಕ್ಕೆ ಬೆಲ್ಲದ ನೀರಲ್ಲಿ ರೈಜೋಬಿಯಂ (ಬೇರಲ್ಲಿ ಗಂಟು ಕಟ್ಟಿಸುವ ಬ್ಯಾಕ್ಟೀರಿಯಾ) ಹಚ್ಚಿದ್ದೆ. ಆದರೆ ಪ್ಯಾಕೆಟ್ ಶೇಂಗಾದ್ದು! 'ಎಲ್ಲಾ ಒಂದೇ' ಅಂದರು ಅಂಗಡಿಯವರು, ನಾನೂ ಸುಮ್ನೆ ತಂದೆ. ಸೋಯಾಕ್ಕೆ ಬ್ರಾಡಿರೈಜೋಬಿಯಂ ಜಪೋನಿಕಂ ಅನ್ನೋ ಬೇರೆ ಬ್ಯಾಕ್ಟೀರಿಯಾನೇ ಬೇಕು ಅಂತ ಆಮೇಲೆ ಗೊತ್ತಾಯ್ತು.

ಈಗ ಸರಿಯಾದದ್ದನ್ನು ಕೊಟ್ಟಿಗೆ ಗೊಬ್ಬರದಲ್ಲಿ ಕಲಸಿ ಸಾಲಿಗೆ ಹಾಕಿದರೆ ಗಂಟು ಕಟ್ಟುತ್ತಾ? ಇಲ್ಲಾ ಯೂರಿಯಾನೇ ಗತಿನಾ? ಯೂರಿಯಾ ಜಾಸ್ತಿಯಾದರೆ ಇರುವ ಗಂಟೂ ಕೆಲಸ ನಿಲ್ಲಿಸುತ್ತೆ, ಅದೇ ಚಿಂತೆ. ಸೋಯಾ ಬೆಳೆದವರು ಹೇಳಿ.